ಬಾಗಿಲು ಕೊರೆಯಲು ಹೋದವರಿಗೆ ಮನೆಯೇ ಸಿಕ್ಕಿತು

ಪುಟ್ಟಿ,

ಫೋನಿನಲ್ಲಿ "ಏನು ನೋಡಿದೆ ಅಪ್ಪಾ?" ಅಂದೆ. ಜಿಬ್ರಾಲ್ಟರಿನಲ್ಲಿ ಒಂದು ಗುಹೆ ಅಂದರೆ "ಅಷ್ಟೇನಾ?" ಅಂದುಬಿಟ್ಟೆ. ಅದಕ್ಕೇ ಈ ಪತ್ರ.

ಜಿಬ್ರಾಲ್ಟರ್ ಅಂದರೆ ಸ್ಪೇನಿನ ತುದಿಗೆ ಅಂಟಿಕೊಂಡ, ಬ್ರಿಟಿಷರ ಕೈಯಲ್ಲಿರುವ ಸುಣ್ಣದ ಕಲ್ಲಿನ ಬಂಡೆ. ಎತ್ತರ 426 ಮೀಟರ್. ಇಡೀ ಊರು ಏಳು ಚದರ ಕಿಲೋಮೀಟರೂ ಇಲ್ಲ. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷರು 1940ರಲ್ಲೇ ಇಲ್ಲಿನ ಹೆಂಗಸರು, ಮಕ್ಕಳು, ಮುದುಕರನ್ನು ಲಂಡನ್, ಮಡೈರಾ, ಜಮೈಕಾಗಳಿಗೆ ಸಾಗಿಸಿದರು. ಆಮೇಲೆ ಸೈನಿಕರು ಬಂಡೆಯ ಹೊಟ್ಟೆ ಕೊರೆಯುತ್ತಲೇ ಹೋದರು. ಈಗ ಹೊರಗಿನ ರಸ್ತೆಗಿಂತ ಒಳಗಿನ ಸುರಂಗವೇ ಉದ್ದ, 50 ಕಿಲೋಮೀಟರಿಗೂ ಜಾಸ್ತಿ!

ಮೇಲೆ ಸೇಂಟ್ ಮೈಕಲ್ ಗುಹೆ ಅಂತ ಇದೆ. ಅದು ಹಿಂದಿನಿಂದಲೂ ಗೊತ್ತಿದ್ದದ್ದೇ. ಅದನ್ನು ತುರ್ತು ಆಸ್ಪತ್ರೆ ಮಾಡಲು ಹೊರಟರು. ಆಸ್ಪತ್ರೆಗೆ ಇನ್ನೊಂದು ಬಾಗಿಲು ಬೇಕಲ್ವಾ? 1942ರಲ್ಲಿ ಅದಕ್ಕಾಗಿ ಸಿಡಿಮದ್ದು ಸಿಡಿಸಿದರೆ, ಕೆಳಗೆ ಇನ್ನೊಂದು ಗುಹೆಯೇ ತೆರೆದುಕೊಂಡಿತು.

ನಮ್ಮಂಥ ಸುರಂಗದ ಕೆಲಸದವರಿಗೆ ಟೊಳ್ಳು ಅಂದರೆ ಭಯ. ಗಟ್ಟಿ ಕಲ್ಲಿನಲ್ಲಿ ಡ್ರಿಲ್ ಒಮ್ಮೆಲೇ ಹಗುರಾಗಿ ಜಾರಿದರೆ ಎದೆ ಧಸಕ್ಕೆನ್ನುತ್ತದೆ. ಆಚೆ ನೀರಿರಬಹುದು, ಮೇಲಿಂದ ಕುಸಿಯಬಹುದು. ನಮ್ಮ ಸೈಟಿನಲ್ಲಿ ಹಳೇ ಬಾವಿಯೊಂದು ಅಡ್ಡ ಬಂದಿತ್ತು, ನೆನಪಿದೆಯಾ? ನಿನ್ನ ಹುಟ್ಟುಹಬ್ಬಕ್ಕೆ ನಾನು ಬರದೇ ಇದ್ದದ್ದು ಅದರಿಂದಲೇ. ಆ ಸೈನಿಕರಿಗೆ ಮೊದಲು ಖುಷಿ ಆಗಿರಲಿಕ್ಕಿಲ್ಲ ಅಂತ ನನ್ನ ಲೆಕ್ಕ. ಬೈದುಕೊಂಡಿರುತ್ತಾರೆ.

ಕೆಳಗಿನ ಗುಹೆಗೆ ಗೈಡ್ ಜೊತೆಗೇ ಇಳಿಯಬೇಕು. ಕೆಲವು ಕಡೆ ಹಗ್ಗ ಹಿಡಿದು, ಕೆಲವು ಕಡೆ ಕೂತು ಜಾರಿ. ಸುತ್ತಲೂ ಮೇಲಿಂದ ಜೋತುಬಿದ್ದ ಸುಣ್ಣದ ಗೊನೆಗಳು. ಮಳೆನೀರು ಮಣ್ಣಿನ ಗಾಳಿ ಹೀರಿ ಸ್ವಲ್ಪ ಹುಳಿಯಾಗುತ್ತದೆ, ಕಲ್ಲನ್ನು ಕರಗಿಸುತ್ತದೆ, ಕೆಳಗೆ ತೊಟ್ಟಿಕ್ಕುವಾಗ ಸುಣ್ಣ ಬಿಟ್ಟುಹೋಗುತ್ತದೆ. ನಮ್ಮ ಬೋರ್‌ವೆಲ್ ನೀರು ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುತ್ತಲ್ಲ, ಅದೇ ಸುಣ್ಣ. ಇಲ್ಲಿ ಒಲೆ ಇಲ್ಲ, ಅವಸರವೂ ಇಲ್ಲ.

ಕೊನೆಗೆ ಒಂದು ಕೊಳ. ನೀರು ಎಷ್ಟು ತಿಳಿ ಅಂದರೆ, ಮೇಲಿಂದ ಒಂದು ಹನಿ ಬಿದ್ದು ಬಳೆಯಂಥ ಅಲೆ ಎದ್ದ ಮೇಲೇ ಅಲ್ಲಿ ನೀರಿದೆ ಅಂತ ನನಗೆ ಗೊತ್ತಾಗಿದ್ದು. ಅಂಚಿನ ಕಿರುದಾರಿಯಲ್ಲಿ ಹಗ್ಗ ಹಿಡಿದು ನಿಂತೆ. ಇನ್ನೊಂದು ಹನಿಗೆ ಕಾದೆ. ಬೀಳಲೇ ಇಲ್ಲ, ಗೈಡ್ ಕರೆದ.

ಅಂದ ಹಾಗೆ, ಆ ಆಸ್ಪತ್ರೆ ಬಳಕೆಗೇ ಬರಲಿಲ್ಲ. ಮೇಲಿನ ಗುಹೆಯಲ್ಲಿ ಈಗ ಸಂಗೀತ ಕಛೇರಿ ನಡೆಯುತ್ತದೆ.

ಹೊಸ ಪ್ಯಾಂಟು ಮೊಣಕಾಲಲ್ಲಿ ಹರಿದಿದೆ. ಅಮ್ಮನಿಗೆ ನಾನೇ ಹೇಳುತ್ತೇನೆ, ನೀನು ಸುಮ್ನಿರು.

ನಿನ್ನ
ಅಪ್ಪ