ಕಪ್ಪುಕುಳಿ ಬರೀ ನುಂಗುವುದಿಲ್ಲ

ಮಾನ್ಯ ಸಂಪಾದಕರೇ,

ಕಪ್ಪುಕುಳಿಯ (ಬ್ಲ್ಯಾಕ್ ಹೋಲ್) ಸುದ್ದಿ ಬಂದಾಗಲೆಲ್ಲ ‘ಎಲ್ಲವನ್ನೂ ನುಂಗುವ ರಾಕ್ಷಸ’ ಎಂಬ ತಲೆಬರಹವೇ ಜಾಸ್ತಿ. ಮಕ್ಕಳು ಹೆದರುತ್ತಾರೆ, ನಿಜವಾದ ಸ್ವಾರಸ್ಯ ತಪ್ಪಿಹೋಗುತ್ತದೆ.

2019ರ ಏಪ್ರಿಲ್‌ನಲ್ಲಿ ಕಪ್ಪುಕುಳಿಯ ಮೊದಲ ಚಿತ್ರ ಬಂತಲ್ಲ, ಆ ಎಂ87 ಗ್ಯಾಲಕ್ಸಿಯನ್ನೇ ನೋಡಿ. ನಡುವಿನ ಕಪ್ಪುಕುಳಿಯ ತೂಕ ಸುಮಾರು 650 ಕೋಟಿ ಸೂರ್ಯರಷ್ಟು. ಅದರತ್ತ ಬರುವ ಅನಿಲವೆಲ್ಲ ಒಳಗೆ ಬೀಳುವುದಿಲ್ಲ. ಒಂದಷ್ಟು ಹೆಚ್ಚುಕಡಿಮೆ ಬೆಳಕಿನ ವೇಗದಲ್ಲೇ ಹೊರಕ್ಕೆ ಚಿಮ್ಮುತ್ತದೆ. ಹಬಲ್ ಬಾಹ್ಯಾಕಾಶ ದೂರದರ್ಶಕ ತೆಗೆದ ಚಿತ್ರಗಳಲ್ಲಿ ಅದು ನೀಲಿ ಗೆರೆಯಂತೆ ಕಾಣುತ್ತದೆ. ಉದ್ದ ಸಾವಿರಾರು ಜ್ಯೋತಿರ್ವರ್ಷ (ಬೆಳಕು ಒಂದು ವರ್ಷದಲ್ಲಿ ಸಾಗುವ ದೂರವೇ ಒಂದು ಜ್ಯೋತಿರ್ವರ್ಷ)! ಈ ಚಿಮ್ಮುವಿಕೆ ಸುತ್ತಲಿನ ಅನಿಲವನ್ನು ಆರಲು ಬಿಡುವುದಿಲ್ಲ. ಅನಿಲ ತಣ್ಣಗಾಗದೆ ಹೊಸ ನಕ್ಷತ್ರ ಹುಟ್ಟುವುದಿಲ್ಲ. ನೆಪ್ಚೂನ್ ಕಕ್ಷೆಯ ನಾಲ್ಕೈದು ಪಟ್ಟು ಅಗಲದ ವಸ್ತುವೊಂದು ಇಡೀ ಗ್ಯಾಲಕ್ಸಿಯ ಬೆಳವಣಿಗೆಗೆ ಕಡಿವಾಣ ಹಾಕುತ್ತದೆ. ಇದಕ್ಕಿಂತ ಬೆರಗು ಬೇಕೇ?

ನಮ್ಮ ಹಾಲುಹಾದಿಯ ಕಪ್ಪುಕುಳಿ ಸುಮಾರು 40 ಲಕ್ಷ ಸೂರ್ಯರ ತೂಕದ್ದು, ಸದ್ಯ ಶಾಂತವಾಗಿದೆ. ನಮ್ಮಿಂದ ಸುಮಾರು 26 ಸಾವಿರ ಜ್ಯೋತಿರ್ವರ್ಷ ದೂರ. ಭೂಮಿಯನ್ನು ನುಂಗುವ ಮಾತೇ ಇಲ್ಲ.

ಭಾನುವಾರದ ಪುರವಣಿಯಲ್ಲಿ ಈ ವಿಷಯಕ್ಕೆ ಅರ್ಧ ಪುಟ ಕೊಡಿ. ಚಿತ್ರ ದೊಡ್ಡದಾಗಿರಲಿ, ಭಾಷೆ ಸರಳವಾಗಿರಲಿ. ಶಾಲೆಯ ಗೋಡೆಗೆ ಅಂಟಿಸಲು ನಾವು ಶಿಕ್ಷಕರು ಕಾಯುತ್ತಿದ್ದೇವೆ.

– ಪ್ರೌಢಶಾಲಾ ವಿಜ್ಞಾನ ಶಿಕ್ಷಕಿ, ಹಾಸನ