ಮಗಳಿಗೊಂದು ಪತ್ರ: ಮನೆಯಲ್ಲೇ ಕೂತು ಇನ್ನೊಬ್ಬರ ಆಫೀಸು ನಡೆಸುವ ಮುನ್ನ

ಪ್ರೀತಿಯ ಪುಟ್ಟಿಗೆ, ಅಮ್ಮನ ಆಶೀರ್ವಾದಗಳು.

ವರ್ಚುವಲ್ ಅಸಿಸ್ಟೆಂಟ್ ಕೆಲಸವನ್ನು, ಅಂದರೆ ದೂರದಿಂದಲೇ ಇನ್ನೊಬ್ಬರ ಆಫೀಸು ಕೆಲಸ ನೋಡಿಕೊಳ್ಳುವುದನ್ನು, ಸ್ವಂತವಾಗಿ ಶುರು ಮಾಡುವ ನಿನ್ನ ನಿರ್ಧಾರ ನನಗೆ ಒಪ್ಪಿಗೆ. ಆದರೆ ನೀನು ಕಳಿಸಿದ ಸೇವೆಗಳ ಪಟ್ಟಿಯಲ್ಲಿ ಡೇಟಾ ಎಂಟ್ರಿ, ಮೇಲ್, ಪೋಸ್ಟರ್, ಸೋಷಿಯಲ್ ಮೀಡಿಯಾ, ಅನುವಾದ, ಟಿಕೆಟ್ ಬುಕಿಂಗ್ ಎಲ್ಲವೂ ಇದೆ. ಅದನ್ನು ಮೊಟಕು ಮಾಡು. ಎಲ್ಲವನ್ನೂ ಮಾಡುತ್ತೇನೆ ಅನ್ನುವವರನ್ನು ಜನ ದರದ ಮೇಲಷ್ಟೇ ಅಳೆಯುತ್ತಾರೆ, ಮತ್ತು ನಿನಗಿಂತ ಕಡಿಮೆಗೆ ಮಾಡುವವರು ಯಾವಾಗಲೂ ಸಿಗುತ್ತಾರೆ. ಒಬ್ಬರ ಮೇಲ್ ಮತ್ತು ಕ್ಯಾಲೆಂಡರನ್ನು ಪೂರ್ತಿ ನೋಡಿಕೊಳ್ಳುವುದು, ಸದ್ಯಕ್ಕೆ ಅಷ್ಟನ್ನೇ ಹಿಡಿ. ಒಮ್ಮೆ ಒಪ್ಪಿಸಿದ ಕೆಲಸವನ್ನು ಎರಡನೇ ಸಲ ನೆನಪಿಸುವ ಗೋಜು ತಪ್ಪಿತು ಅನ್ನಿಸಿದರೆ ಆ ಗ್ರಾಹಕರು ನಿನ್ನನ್ನು ಬಿಡುವುದಿಲ್ಲ. ನೀನು ಮಾರುವುದು ಆ ನೆಮ್ಮದಿಯನ್ನೇ.

ಮೊದಲ ದಿನ ಯಾರ ಪಾಸ್‌ವರ್ಡನ್ನೂ ಕೇಳಬೇಡ, ಕೊಟ್ಟರೂ ತೆಗೆದುಕೊಳ್ಳಬೇಡ. ಜಿಮೇಲ್‌ನಲ್ಲಿ ಡೆಲಿಗೇಷನ್ ಎಂಬ ಸೌಲಭ್ಯವಿದೆ. ಗ್ರಾಹಕರು ತಮ್ಮ ಸೆಟ್ಟಿಂಗ್ಸ್‌ಗೆ ಹೋಗಿ ನಿನ್ನ ವಿಳಾಸ ಸೇರಿಸಿದರೆ, ನಿನ್ನ ಖಾತೆಯಿಂದಲೇ ಅವರ ಮೇಲ್ ಓದಬಹುದು, ಉತ್ತರಿಸಬಹುದು. ಬೇಡವಾದ ದಿನ ಅವರೇ ತೆಗೆದುಹಾಕಬಹುದು. ಕ್ಯಾಲೆಂಡರ್‌ಗೂ ಹಾಗೆಯೇ, ತಿದ್ದುವ ಅನುಮತಿಯೊಂದಿಗೆ ಶೇರ್ ಮಾಡಿಸಿಕೋ. ಉಳಿದ ಖಾತೆಗಳಿಗೆ ಬಿಟ್‌ವಾರ್ಡನ್‌ನಂಥ ಪಾಸ್‌ವರ್ಡ್ ಮ್ಯಾನೇಜರ್, ಅಂದರೆ ಪಾಸ್‌ವರ್ಡ್‌ಗಳನ್ನು ಭದ್ರವಾಗಿಟ್ಟು ಹಂಚಿಕೊಳ್ಳುವ ಆ್ಯಪ್, ಇರಲಿ. ವಾಟ್ಸಾಪ್‌ನಲ್ಲಿ ಪಾಸ್‌ವರ್ಡ್ ಕಳಿಸಿಕೊಂಡು ಲಾಗಿನ್ ಆಗಲು ಹೋದರೆ ಒಟಿಪಿ ಗ್ರಾಹಕರ ಫೋನಿಗೆ ಹೋಗುತ್ತದೆ, ವಿದೇಶದವರಾದರೆ ಆ ಹೊತ್ತಿಗೆ ಅವರು ನಿದ್ದೆಯಲ್ಲಿರುತ್ತಾರೆ. ಹೊಸ ದೇಶದ ಲಾಗಿನ್ ಎಂದು ಖಾತೆಯೇ ಲಾಕ್ ಆಗುವುದೂ ಉಂಟು. ಮುಂದೊಂದು ದಿನ ಏನಾದರೂ ಸೋರಿದರೆ ಮೊದಲ ಅನುಮಾನ ನಿನ್ನ ಮೇಲೆಯೇ. ಇನ್ನೊಂದು ವಿಷಯ: ಅವರ ಅನುಮತಿ ಇಲ್ಲದೆ ಅವರ ಮೇಲ್‌ಗಳನ್ನು ಯಾವ ಎಐ ಚಾಟ್‌ಗೂ ಹಾಕಬೇಡ.

ಇನ್‌ಬಾಕ್ಸ್‌ಗೆ ನಾಲ್ಕೇ ಲೇಬಲ್ ಸಾಕು: ಇವತ್ತೇ ಉತ್ತರಿಸಬೇಕಾದ್ದು, ಅವರೇ ನೋಡಬೇಕಾದ್ದು, ಬೇರೆಯವರ ಉತ್ತರಕ್ಕೆ ಕಾಯುತ್ತಿರುವುದು, ಸುಮ್ಮನೆ ಓದುವುದು. ಎಡವಟ್ಟಾಗುವುದು ಹೆಚ್ಚಾಗಿ ಮೂರನೆಯದರಲ್ಲಿ. ನಾವು ಮೇಲ್ ಕಳಿಸಿರುತ್ತೇವೆ, ಆ ಕಡೆಯಿಂದ ಉತ್ತರ ಬಂದಿರುವುದಿಲ್ಲ, ಹೊಸ ಮೇಲ್‌ಗಳ ಕೆಳಗೆ ಅದು ಮುಚ್ಚಿಹೋಗುತ್ತದೆ. ಸೋಮವಾರ ಮತ್ತು ಗುರುವಾರ ಬೆಳಿಗ್ಗೆ ಆ ಲೇಬಲ್ ತೆರೆದು ಪ್ರತಿಯೊಂದಕ್ಕೂ ನೆನಪೋಲೆ ಕಳಿಸು. ಮೊದಲ ಎರಡು ವಾರ ನೀನಾಗಿ ಏನನ್ನೂ ಕಳಿಸಬೇಡ, ಡ್ರಾಫ್ಟ್ ಮಾಡಿಡು, ಗ್ರಾಹಕರು ನೋಡಿ ಕಳಿಸಲಿ. ಅವರು ಎಲ್ಲಿ ತಿದ್ದಿದರು ಎಂಬುದನ್ನು ನೋಡಿದರೆ ಅವರ ಧಾಟಿ ತಾನಾಗಿ ಹಿಡಿತಕ್ಕೆ ಬರುತ್ತದೆ. ಜಿಮೇಲ್‌ನಲ್ಲಿ ಕಳಿಸಿದ್ದನ್ನು ಹಿಂಪಡೆಯುವ ಅವಧಿಯನ್ನು 30 ಸೆಕೆಂಡಿಗೆ ಏರಿಸಿಕೋ, ಅದಕ್ಕಿಂತ ಹೆಚ್ಚು ಸಿಗುವುದಿಲ್ಲ.

ಪ್ರತಿ ಗ್ರಾಹಕರಿಗೂ ಒಂದು ಗೂಗಲ್ ಡಾಕ್ ಇರಲಿ. ಯಾರ ಕರೆಯನ್ನು ತಕ್ಷಣ ಜೋಡಿಸಬೇಕು, ಯಾರಿಗೆ ಎಂದೂ ಸಮಯ ಕೊಡಬಾರದು, ವಿಮಾನದಲ್ಲಿ ಯಾವ ಸೀಟು, ಮಕ್ಕಳನ್ನು ಶಾಲೆಯಿಂದ ಕರೆತರುವ ಹೊತ್ತು ಯಾವುದು, ಎಲ್ಲವೂ ಅದರಲ್ಲಿರಲಿ. ನೀನು ಒಂದು ಪ್ರಶ್ನೆ ಕೇಳಿ ಉತ್ತರ ಸಿಕ್ಕಿತೋ, ಆ ಉತ್ತರ ಅಂದೇ ಅಲ್ಲಿ ಸೇರಬೇಕು. ಈ ಶಿಸ್ತೊಂದಿದ್ದರೆ ಆರು ತಿಂಗಳಲ್ಲಿ ನೀನು ಕೇಳುವ ಪ್ರಶ್ನೆಗಳು ತಾವಾಗಿ ಇಳಿಯುತ್ತವೆ, ದರ ಏರಿಸುವಾಗ ಮುಂದಿಡಲು ಇದಕ್ಕಿಂತ ಒಳ್ಳೆಯ ಕಾರಣವಿಲ್ಲ.

ಸಮಯದ ಲೆಕ್ಕವನ್ನು ಬಾಯಿಲೆಕ್ಕದಲ್ಲಿ ಮಾಡಲೇಬೇಡ. ನ್ಯೂಯಾರ್ಕಿನ ಬೆಳಿಗ್ಗೆ 9 ಗಂಟೆ ಅವರ ಬೇಸಿಗೆಯಲ್ಲಿ ನಮಗೆ ಸಂಜೆ 6:30, ಚಳಿಗಾಲದಲ್ಲಿ 7:30. ಅಮೆರಿಕ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ, ಮತ್ತೆ ಹಿಂದಕ್ಕೆ ತಿರುಗಿಸುವುದು ಮಾರ್ಚ್‌ನ ಎರಡನೇ ಭಾನುವಾರ ಮತ್ತು ನವೆಂಬರ್‌ನ ಮೊದಲ ಭಾನುವಾರ. ಬ್ರಿಟನ್ ತಿರುಗಿಸುವುದು ಮಾರ್ಚ್ ಮತ್ತು ಅಕ್ಟೋಬರ್‌ನ ಕೊನೆಯ ಭಾನುವಾರ. ಈ ನಡುವಿನ ವಾರಗಳಲ್ಲಿ ಲಂಡನ್, ನ್ಯೂಯಾರ್ಕ್, ಬೆಂಗಳೂರು ಮೂವರೂ ಸೇರುವ ಮೀಟಿಂಗ್ ಒಂದು ಗಂಟೆ ಆಚೀಚೆ ಆಗುತ್ತದೆ. ಗೂಗಲ್ ಕ್ಯಾಲೆಂಡರ್‌ನಲ್ಲಿ ಗ್ರಾಹಕರ ಊರನ್ನು ಎರಡನೇ ಟೈಮ್ ಝೋನ್ ಆಗಿ ಹಾಕಿಕೋ, ಮೀಟಿಂಗನ್ನು ಅವರ ಊರಿನ ಸಮಯದಲ್ಲೇ ನಮೂದಿಸು. ದಿನಾಂಕದಲ್ಲಿ ತಿಂಗಳ ಹೆಸರು ಬರೆ. 03/04 ಅಂದರೆ ಅಮೆರಿಕದವರಿಗೆ ಮಾರ್ಚ್ 4, ಬ್ರಿಟನ್ನಿನವರಿಗೆ ಏಪ್ರಿಲ್ 3.

ಇನ್ನು ದರ. ಎಂಟು ಗಂಟೆ ಕುಳಿತರೂ ಬಿಲ್ ಮಾಡಲಾಗುವುದು ಸುಮಾರು ಐದು ಗಂಟೆ. ಉಳಿದದ್ದು ಗ್ರಾಹಕರನ್ನು ಹುಡುಕುವುದು, ಬಿಲ್ಲು ಬರೆಯುವುದು, ಕಲಿಯುವುದು. ಹಾಗಾಗಿ ತಿಂಗಳಿಗೆ 100 ಗಂಟೆ ಎಂದು ಹಿಡಿ. ಮನೆಖರ್ಚು ಮತ್ತು ಉಳಿತಾಯಕ್ಕೆ 30,000 ರೂಪಾಯಿ ಬೇಕು ಅಂದುಕೋ. ಇಂಟರ್ನೆಟ್ ಮತ್ತು ಬೇರೆ ಕಂಪನಿಯ ಒಂದು ಡೇಟಾ ಸಿಮ್ 1,200, ಸಾಫ್ಟ್‌ವೇರ್ 1,000, ಆರೋಗ್ಯ ವಿಮೆ 1,200, 60,000ದ ಲ್ಯಾಪ್‌ಟಾಪ್ ನಾಲ್ಕು ವರ್ಷ ಬಾಳುತ್ತದೆಂದರೆ ತಿಂಗಳಿಗೆ 1,250, ತೆರಿಗೆ ಮತ್ತು ಸಿಎ ಫೀಸಿಗೆ 1,350. ಒಟ್ಟು 36,000. ವರ್ಷದಲ್ಲಿ ಒಂದು ತಿಂಗಳು ಜ್ವರ, ಹಬ್ಬ, ಮದುವೆಗೆ ಹೋಗುತ್ತದೆ, ಆದ್ದರಿಂದ ಹನ್ನೆರಡು ತಿಂಗಳ ಖರ್ಚನ್ನು ಹನ್ನೊಂದು ತಿಂಗಳಲ್ಲೇ ದುಡಿಯಬೇಕು. ಆಗ ತಿಂಗಳಿಗೆ 39,000 ದಾಟುತ್ತದೆ, ಗಂಟೆಗೆ ಸುಮಾರು 400 ರೂಪಾಯಿ. ಇದು ನಿನ್ನ ನೆಲ, ಇದಕ್ಕಿಂತ ಕೆಳಗೆ ಒಪ್ಪಿಕೊಂಡರೆ ಕೈಯಿಂದ ಹಾಕಿ ದುಡಿದಂತೆ. ಬಿಡಿ ಕೆಲಸ ಕೊಡಿಸುವ ಫೈವರ್ ಜಾಲತಾಣದ ಮೂಲಕ ಗ್ರಾಹಕರು ಬಂದರೆ 20 ಶೇಕಡಾ ಅವರಿಗೆ ಹೋಗುತ್ತದೆ, ಅಲ್ಲಿ 500 ಹೇಳಿದರಷ್ಟೇ 400 ಉಳಿಯುವುದು.

ಬಿಡಿ ಗಂಟೆಗಳಿಗಿಂತ ತಿಂಗಳಿಗೆ 20 ಗಂಟೆಯ ಪ್ಯಾಕೇಜ್ ಮಾರು, ಹಣ ತಿಂಗಳ ಮೊದಲೇ ಬರಲಿ. ಬಳಸದೆ ಉಳಿದ ಗಂಟೆಗಳು ಮುಂದಿನ ಒಂದು ತಿಂಗಳಿಗೆ ಮಾತ್ರ ಹೋಗುತ್ತವೆ ಎಂದು ಒಪ್ಪಂದದಲ್ಲಿ ಬರೆ. ಇಲ್ಲದಿದ್ದರೆ ಮೂರು ತಿಂಗಳು ಸುಮ್ಮನಿದ್ದು ನಾಲ್ಕನೇ ತಿಂಗಳು 80 ಗಂಟೆ ಕೇಳುತ್ತಾರೆ. ಯಾವ ಕೆಲಸ, ಯಾವ ಹೊತ್ತಿನಲ್ಲಿ ಸಿಗುತ್ತೀಯ, ಎಷ್ಟು ಗಂಟೆಯೊಳಗೆ ಉತ್ತರ, ಗೋಪ್ಯತೆ, ಬಿಡುವಾಗ 15 ದಿನದ ನೋಟಿಸ್, ಇಷ್ಟು ಎರಡು ಪುಟದಲ್ಲಿ ಮುಗಿಯುತ್ತದೆ. ಕೆಲಸದ ಗಂಟೆಗಳನ್ನು ಸಮಯದ ಲೆಕ್ಕವಿಡುವ ಕ್ಲಾಕಿಫೈ ಆ್ಯಪ್‌ನಲ್ಲಿ ದಾಖಲಿಸಿ ಶುಕ್ರವಾರ ಸಂಜೆ ಐದು ಸಾಲಿನ ವರದಿ ಕಳಿಸು. ಒಬ್ಬರೇ ಗ್ರಾಹಕರಿಂದ ಅರ್ಧಕ್ಕಿಂತ ಹೆಚ್ಚು ಆದಾಯ ಬರುತ್ತಿದ್ದರೆ ಇನ್ನೊಬ್ಬರನ್ನು ಹುಡುಕುವ ಸಮಯ ಬಂತು ಎಂದು ತಿಳಿ.

ತೆರಿಗೆಯ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಹಣಕಾಸು ವರ್ಷದ ವಹಿವಾಟು 20 ಲಕ್ಷ ದಾಟುವವರೆಗೆ ನಿನಗೆ ಜಿಎಸ್‌ಟಿ ನೋಂದಣಿ ಕಡ್ಡಾಯವಲ್ಲ. ನೋಂದಣಿ ಆದ ಮೇಲೆ ವಿದೇಶಿ ಬಿಲ್ಲಿಗೆ ತೆರಿಗೆ ಹಾಕದಿರಲು ಪ್ರತಿ ವರ್ಷ ಎಲ್‌ಯುಟಿ ಎಂಬ ಮುಚ್ಚಳಿಕೆ ಪತ್ರ ಸಲ್ಲಿಸಬೇಕು. ವಿದೇಶದಿಂದ ಬಂದ ಪ್ರತಿ ಹಣಕ್ಕೂ ಬ್ಯಾಂಕಿನಿಂದ ಪ್ರಮಾಣಪತ್ರ ತೆಗೆದಿಡು. ಕೆಲಸಕ್ಕೆಂದೇ ಬೇರೆ ಬ್ಯಾಂಕ್ ಖಾತೆ ತೆರೆ. ಆದಾಯ ಕಡಿಮೆಯಿದ್ದರೂ ರಿಟರ್ನ್ಸ್ ತಪ್ಪಿಸಬೇಡ, ಮುಂದೆ ಮನೆ ಸಾಲಕ್ಕೆ ಹೋದಾಗ ಬ್ಯಾಂಕಿನವರು ಸಂಬಳ ಚೀಟಿಯ ಬದಲು ಕೇಳುವುದು ಅದನ್ನೇ.

ವಿದೇಶವನ್ನೇ ನೋಡುತ್ತಾ ನಮ್ಮವರನ್ನು ಮರೆಯಬೇಡ. ಕೊಡಗು, ಚಿಕ್ಕಮಗಳೂರಿನ ಹೋಂಸ್ಟೇಯವರಿಗೆ, ಬೆಂಗಳೂರಿನ ಕ್ಲಿನಿಕ್‌ಗಳಿಗೆ ಕನ್ನಡದಲ್ಲಿ ಮಾತಾಡಿ, ಇಂಗ್ಲಿಷಿನಲ್ಲಿ ಮೇಲ್ ಬರೆಯುವವರು ಬೇಕೇ ಬೇಕು. ನುಡಿ ತಂತ್ರಾಂಶದಲ್ಲಿ ಕನ್ನಡ ಟೈಪ್ ಮಾಡಿದ ಅವರ ಹಳೆಯ ಫೈಲುಗಳು ಬೇರೆಡೆ ತೆರೆದರೆ ಅರ್ಥವಿಲ್ಲದ ಅಕ್ಷರಗಳಾಗಿ ಕಾಣುತ್ತವೆ, ಎಲ್ಲ ಕಂಪ್ಯೂಟರುಗಳಿಗೂ ಅರ್ಥವಾಗುವ ಯುನಿಕೋಡ್‌ಗೆ ಪರಿವರ್ತಿಸಿ ಒತ್ತಕ್ಷರ, ಅರ್ಕಾವತ್ತು ಪರೀಕ್ಷಿಸುವುದನ್ನು ಕಲಿ. ಇಂಥ ಕೆಲಸವನ್ನು ದೂರದ ಯಾರೂ ನಿನ್ನಷ್ಟು ಚೆನ್ನಾಗಿ ಮಾಡಲಾರರು.

ಕೆಲಸ ಕೊಡುವ ಮೊದಲೇ ನೋಂದಣಿ ಶುಲ್ಕ ಕೇಳಿದರೆ ಅಲ್ಲಿಗೇ ನಿಲ್ಲಿಸು. ಡೇಟಾ ಎಂಟ್ರಿ ಕೊಟ್ಟು, ತಪ್ಪುಗಳಿವೆ ಎಂದು ವಕೀಲರ ನೋಟಿಸ್ ಹೆಸರಲ್ಲಿ ಹಣ ಕೀಳುವವರೂ ಇದ್ದಾರೆ. ಹೆದರಿ ಒಂದು ರೂಪಾಯಿಯನ್ನೂ ಕಳಿಸಬೇಡ. ಹಣ ಹೋಗಿಯೇಬಿಟ್ಟಿದ್ದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡು. ನಿನ್ನ ಖಾತೆಗೆ ಹಣ ಹಾಕಿ ಬೇರೆಯವರಿಗೆ ದಾಟಿಸು ಅನ್ನುವವರು ಎಷ್ಟೇ ನಯವಾಗಿ ಮಾತಾಡಲಿ, ಒಪ್ಪಬೇಡ. ಕೇಸು ನಿನ್ನ ಮೇಲೆ ಬೀಳುತ್ತದೆ.

ಕರೆಂಟು ಹೋದರೂ ಇಂಟರ್ನೆಟ್ ಇರಬೇಕು, ರೌಟರ್‌ಗೆ 12 ವೋಲ್ಟಿನ ಚಿಕ್ಕ ಯುಪಿಎಸ್ ತಗೋ. ನಿನ್ನ ರೌಟರ್‌ನ ಅಡಾಪ್ಟರ್ ಮೇಲೆ ಎಷ್ಟು ವೋಲ್ಟ್, ಎಷ್ಟು ಆಂಪಿಯರ್ ಎಂದು ನೋಡಿಯೇ ತಗೋ. ಒಪ್ಪಂದದ ಕರಡು ಮತ್ತು ನಿನ್ನ ದರದ ಲೆಕ್ಕವನ್ನು ಭಾನುವಾರದೊಳಗೆ ನನಗೆ ಕಳಿಸು, ಕೂತು ಒಂದೊಂದೇ ಸಾಲು ನೋಡುತ್ತೇನೆ.

ಇತಿ,
ನಿನ್ನ ಅಮ್ಮ