ತಾಲ್ಲೂಕು ಪಂಚಾಯಿತಿಗೆ ಮತ ಹಾಕಿ ಎಷ್ಟು ವರ್ಷವಾಯಿತು?

ಮಾನ್ಯ ಸಂಪಾದಕರೆ,

ಜನರಿಗೆ ರಾಜಕೀಯದ ಬಗ್ಗೆ ಆಸಕ್ತಿ ಕುಗ್ಗಿದೆ, ಮತದಾನದ ದಿನವನ್ನು ಬರಿಯ ರಜೆಯೆಂದು ಭಾವಿಸಿದ್ದಾರೆ ಎಂಬ ಮಾತು ಪ್ರತಿ ಚುನಾವಣೆಯ ಮರುದಿನ ಕೇಳಿಬರುತ್ತದೆ. ಸರ್ಕಾರಿ ಪ್ರೌಢಶಾಲೆಯಲ್ಲಿ ಪಾಠ ಮಾಡುತ್ತಲೇ ಹತ್ತಾರು ಚುನಾವಣೆಗಳಲ್ಲಿ ಮತಗಟ್ಟೆಯ ಕೆಲಸ ಮಾಡಿ ನಿವೃತ್ತನಾದ ನನಗೆ ಈ ಆರೋಪ ಹಳ್ಳಿಗಳ ಮಟ್ಟಿಗೆ ಅನ್ಯಾಯದ್ದೆನಿಸುತ್ತದೆ. 2020ರ ಡಿಸೆಂಬರ್‌ನಲ್ಲಿ, ಕೊರೊನಾ ಭಯ ಇನ್ನೂ ಆರದಿದ್ದಾಗ ನಡೆದ ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ ರಾಜ್ಯದ ಮತದಾನ ಶೇ 80ರ ಆಸುಪಾಸಿನಲ್ಲಿತ್ತು. 2023ರ ವಿಧಾನಸಭಾ ಚುನಾವಣೆಯಲ್ಲಿ ಅದು ಶೇ 73 ದಾಟಿತು. 2024ರ ಲೋಕಸಭಾ ಚುನಾವಣೆಯಲ್ಲಿ ಮಂಡ್ಯ ಕ್ಷೇತ್ರವೊಂದರಲ್ಲೇ ಶೇ 81ಕ್ಕೂ ಹೆಚ್ಚು ಮಂದಿ ಮತ ಹಾಕಿದರು. ಬೆಂಗಳೂರು ದಕ್ಷಿಣದಲ್ಲಿ ಶೇ 53ರಷ್ಟೇ ಆಯಿತೆಂಬುದು ನಿಜ, ಅದರ ಬಗ್ಗೆ ಬೇಸರವೂ ಇದೆ. ಆದರೆ ಅದೇ ಬೆಂಗಳೂರಿನ ಪಾಲಿಕೆಗೆ ಜನ ಕೊನೆಯ ಬಾರಿ ಮತ ಹಾಕಿದ್ದು 2015ರ ಆಗಸ್ಟ್‌ನಲ್ಲಿ, ಆ ಸದಸ್ಯರ ಅವಧಿ ಮುಗಿದದ್ದು 2020ರ ಸೆಪ್ಟೆಂಬರ್‌ನಲ್ಲಿ ಎಂಬುದನ್ನೂ ಜೊತೆಯಲ್ಲೇ ಹೇಳಬೇಕಲ್ಲವೆ? 2025ರಲ್ಲಿ ಪಾಲಿಕೆಯನ್ನು ಐದಾಗಿ ಒಡೆದರು. ವಾರ್ಡಿನ ಜನರಿಗೆ ಸದಸ್ಯರು ಮಾತ್ರ ಆ ವರ್ಷದ ಕೊನೆಗೂ ಬರಲಿಲ್ಲ.

ನನಗೆ ಹತ್ತಿರದಿಂದ ಗೊತ್ತಿರುವುದು ಹಳ್ಳಿಯಾದ್ದರಿಂದ ಅದರ ವಿಚಾರಕ್ಕೇ ಬರುತ್ತೇನೆ. ನಮ್ಮ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳಿಗೆ ಚುನಾವಣೆ ನಡೆದದ್ದು 2016ರ ಫೆಬ್ರುವರಿಯಲ್ಲಿ. ಅವುಗಳ ಅವಧಿ 2021ರ ಬೇಸಿಗೆಯಲ್ಲಿ ಮುಗಿಯಿತು. 2025 ಮುಗಿಯುತ್ತ ಬಂದರೂ ಹೊಸ ಚುನಾವಣೆಯ ಸುಳಿವಿರಲಿಲ್ಲ. ರಾಜ್ಯ ಚುನಾವಣಾ ಆಯೋಗ 2021ರಲ್ಲೇ ಕ್ಷೇತ್ರಗಳ ಕರಡು ಮೀಸಲಾತಿ ಪಟ್ಟಿಯನ್ನೂ ಹೊರಡಿಸಿತ್ತು. ಅಷ್ಟರಲ್ಲಿ ಕಾಯ್ದೆಗೆ ತಿದ್ದುಪಡಿ ತಂದು, ಕ್ಷೇತ್ರ ವಿಂಗಡಣೆಯ ಅಧಿಕಾರವನ್ನು ಆಯೋಗದ ಕೈಯಿಂದ ತೆಗೆದು ಬೇರೊಂದು ಆಯೋಗಕ್ಕೆ ಕೊಡಲಾಯಿತು. ಆಗ ಇದ್ದದ್ದು ಬಿಜೆಪಿ ಸರ್ಕಾರ, 2023ರಿಂದ ಇರುವುದು ಕಾಂಗ್ರೆಸ್ ಸರ್ಕಾರ. ವಿಂಗಡಣೆ, ಮೀಸಲಾತಿ, ನ್ಯಾಯಾಲಯ ಎಂಬ ಮೂರು ಕಾರಣಗಳು ಸರದಿಯ ಮೇಲೆ ಬರುತ್ತಲೇ ಇವೆ. ಪಂಚಾಯಿತಿಯ ಅವಧಿ ಐದು ವರ್ಷ, ಅದಕ್ಕಿಂತ ಹೆಚ್ಚಿಲ್ಲ, ಅವಧಿ ತೀರುವ ಮೊದಲೇ ಹೊಸ ಚುನಾವಣೆ ಮುಗಿದಿರಬೇಕು ಎಂದು ಸಂವಿಧಾನದ 243ಇ ವಿಧಿ ಹೇಳುತ್ತದೆ. ಇದರಲ್ಲಿ ಎರಡು ಅರ್ಥಕ್ಕೆ ಎಡೆಯಿಲ್ಲ.

ಇದರಿಂದ ಆಗಿರುವ ನಷ್ಟ ಏನೆಂದು ಕೇಳುವವರಿಗೆ ನಮ್ಮೂರಿನದೇ ಒಂದು ಸಂಗತಿ ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ನಮ್ಮ ಶಾಲೆಯ ಮಾಡು ಸೋರಿ ಪುಸ್ತಕದ ಬೀರು ನೆನೆದಾಗ, ನಮ್ಮ ಕ್ಷೇತ್ರದ ತಾಲ್ಲೂಕು ಪಂಚಾಯಿತಿ ಸದಸ್ಯೆ, ಮೂರು ಎಕರೆ ರಾಗಿ ಹೊಲದ ಒಡತಿ, ಕಳೆ ಕೀಳುವುದನ್ನು ಅರ್ಧಕ್ಕೆ ಬಿಟ್ಟು ಬಂದು, ಉಬ್ಬಿಹೋಗಿದ್ದ ಪುಸ್ತಕಗಳನ್ನು ಒಂದೊಂದಾಗಿ ಎತ್ತಿ ನೋಡಿದರು. ಮುಂದಿನ ಕೆಡಿಪಿ (ಅಭಿವೃದ್ಧಿ ಕೆಲಸಗಳ ಪ್ರಗತಿ ಪರಿಶೀಲನಾ) ಸಭೆಗೆ ಅದರಲ್ಲಿ ಒಂದನ್ನು ಸೆರಗಿನಲ್ಲಿ ಸುತ್ತಿಕೊಂಡು ಹೋಗಿ ಅಧಿಕಾರಿಗಳ ಮೇಜಿನ ಮೇಲಿಟ್ಟರಂತೆ. ಆ ವರ್ಷವೇ ಹೆಂಚು ಬದಲಾಯಿತು. ಈಗ ಅದೇ ಶಾಲೆಯ ಗೋಡೆ ಬಿರುಕು ಬಿಟ್ಟಿದೆ; ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಅಧ್ಯಕ್ಷರು ಮೂರು ಸಲ ತಾಲ್ಲೂಕು ಕೇಂದ್ರಕ್ಕೆ ಹೋಗಿ ಬಂದರು, ಮೂರು ಸಲವೂ ಸಿಕ್ಕಿದ ಉತ್ತರ ‘ಶಾಸಕರ ಕಡೆಯಿಂದ ಪತ್ರ ತನ್ನಿ’ ಎಂಬುದೇ. ಇಡೀ ತಾಲ್ಲೂಕಿನ ಅಹವಾಲುಗಳೆಲ್ಲ ಒಬ್ಬ ಶಾಸಕರ ಮನೆಯ ಜಗಲಿಗೆ ಹೋಗಬೇಕಾದ ಸ್ಥಿತಿ ಇದು. ಚುನಾವಣೆ ಮುಂದೂಡುವುದರ ವಿರುದ್ಧ ಯಾವ ಪಕ್ಷದ ಶಾಸಕರೂ ದನಿಯೆತ್ತದಿರುವುದಕ್ಕೆ ಇದೂ ಒಂದು ಕಾರಣವೆಂದು ನಾನು ಬಲವಾಗಿ ನಂಬುತ್ತೇನೆ.

ಗ್ರಾಮಸಭೆಗೆ ಜನ ಬರುವುದಿಲ್ಲ ಎಂಬ ದೂರಿನ ಬೇರೂ ಇಲ್ಲೇ ಇದೆ. ಕಳೆದ ವರ್ಷ ನಮ್ಮೂರ ಸಭೆಗೆ ನಲವತ್ತು ಜನ ಬಂದಿರಬಹುದು. ಹಿಂದಿನ ಸಭೆಯ ಬೇಡಿಕೆಗಳು ಏನಾದವೆಂದು ಒಬ್ಬ ಹೆಂಗಸು ಎದ್ದು ಕೇಳಿದಾಗ ಪಂಚಾಯಿತಿಯವರು ‘ಮೇಲಕ್ಕೆ ಕಳುಹಿಸಿದ್ದೇವೆ’ ಎಂದರು. ಮೇಲೆ ಯಾರಿದ್ದಾರೆ ಎಂದು ಆಕೆ ಮತ್ತೆ ಕೇಳಿದಳು. ಅದಕ್ಕೆ ಉತ್ತರ ಬರಲಿಲ್ಲ. ಮರುದಿನ ಬೆಳಿಗ್ಗೆ ನೀರುಗಂಟಿ ಹಾಜರಿ ಪುಸ್ತಕ ಹಿಡಿದು ಮನೆಮನೆಗೆ ಬಂದು, ಸಭೆಗೆ ಬಾರದವರ ಸಹಿಯನ್ನೂ ಹಾಕಿಸಿಕೊಂಡು ಕೋರಂ ತುಂಬಿಸಿದ. ತನ್ನ ಮಾತು ಹೋಗಿ ಸೇರುವ ಜಾಗವೇ ಇಲ್ಲವೆಂದು ತಿಳಿದವಳು ಮುಂದಿನ ಸಭೆಗೆ ಕೂಲಿ ಬಿಟ್ಟು ಏಕೆ ಬರಬೇಕು? ಬಾರದಿದ್ದರೆ ಆಕೆಯನ್ನು ನಿರಾಸಕ್ತಳೆಂದು ಕರೆಯಲು ನನಗೆ ಮನಸ್ಸಿಲ್ಲ.

ಇದು ನಡೆಯುತ್ತಿರುವುದು ಕರ್ನಾಟಕದಲ್ಲಿ ಎಂಬುದೇ ಹೆಚ್ಚು ನೋವಿನ ಸಂಗತಿ. ಪಂಚಾಯಿತಿಗಳಿಗೆ ಸಂವಿಧಾನದ ಮಾನ್ಯತೆ ಕೊಟ್ಟ 73ನೇ ತಿದ್ದುಪಡಿಗೆ ವರ್ಷಗಳ ಮೊದಲೇ, ಅಂದಿನ ಪಂಚಾಯತ್ ರಾಜ್ ಸಚಿವ ಅಬ್ದುಲ್ ನಜೀರ್ ಸಾಬ್ ಅವರು ರೂಪಿಸಿದ ಕಾಯ್ದೆಯಡಿ 1987ರಲ್ಲಿ ಮಂಡಲ ಪಂಚಾಯಿತಿ ಮತ್ತು ಜಿಲ್ಲಾ ಪರಿಷತ್ತುಗಳಿಗೆ ಚುನಾವಣೆ ನಡೆಸಿ, ನಾಲ್ಕನೇ ಒಂದು ಭಾಗದ ಸ್ಥಾನಗಳನ್ನು ಮಹಿಳೆಯರಿಗೆ ಮೀಸಲಿಟ್ಟ ರಾಜ್ಯ ಇದು. ಆ ಮೀಸಲು ಈಗ ಅರ್ಧಕ್ಕೆ ಏರಿದೆ. ಜಿಲ್ಲಾ ಪಂಚಾಯಿತಿಗಳ ಸಾವಿರಕ್ಕೂ ಹೆಚ್ಚು ಸ್ಥಾನಗಳು, ತಾಲ್ಲೂಕು ಪಂಚಾಯಿತಿಗಳ ಮೂರೂವರೆ ಸಾವಿರಕ್ಕೂ ಮೀರಿದ ಸ್ಥಾನಗಳು 2025ರ ಕೊನೆಗೂ ಖಾಲಿಯಿದ್ದವು ಎಂದರೆ, ಸಭೆಯಲ್ಲಿ ಕುಳಿತು ಮಾತನಾಡಬೇಕಿದ್ದ ಎರಡು ಸಾವಿರಕ್ಕೂ ಹೆಚ್ಚು ಮಹಿಳೆಯರು ಮನೆಯಲ್ಲೇ ಉಳಿದರು ಎಂದೇ ಅರ್ಥ. 2020ರಲ್ಲಿ ಆಯ್ಕೆಯಾದ ಗ್ರಾಮ ಪಂಚಾಯಿತಿಗಳ ಅವಧಿಯೂ 2025ರ ಕೊನೆಗೆ ತೀರುವ ಹಂತಕ್ಕೆ ಬಂದಿತ್ತು. ಅಲ್ಲಿಯೂ ಸದಸ್ಯರ ಬದಲು ಸರ್ಕಾರ ನೇಮಿಸುವ ಆಡಳಿತಾಧಿಕಾರಿಗಳು ಬಂದು ಕೂತರೆ ಹಳ್ಳಿಯವರು ತಮ್ಮವರೆಂದು ಹೋಗಿ ಕೇಳಲು ಯಾರೂ ಉಳಿಯುವುದಿಲ್ಲ.

ಚುನಾವಣೆಗೆ ಸರ್ಕಾರ ನ್ಯಾಯಾಲಯದ ಒತ್ತಾಯಕ್ಕೆ ಕಾಯದೆ ತಾನಾಗಿ ದಾರಿ ಮಾಡಿಕೊಡಬೇಕು. ತಮ್ಮಲ್ಲೂ ಒಂದು ಕೋರಿಕೆ ಇದೆ. ಮತದಾನದ ಪ್ರಮಾಣವನ್ನು ಕ್ಷೇತ್ರವಾರು ಮುದ್ರಿಸುವಾಗ, ಆಯಾ ಜಿಲ್ಲೆಯಲ್ಲಿ ಪಂಚಾಯಿತಿ ಚುನಾವಣೆ ನಡೆಯದೆ ಎಷ್ಟು ದಿನ ಕಳೆದಿದೆ ಎಂಬ ಲೆಕ್ಕವನ್ನೂ ಅದರ ಪಕ್ಕದಲ್ಲೇ ದಯವಿಟ್ಟು ಮುದ್ರಿಸಿ.

ಇತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಶಿಕ್ಷಕ